ಐದು ಉತ್ತರ, ಐದೂ ಸರಿ: ಏಳನೇ ತರಗತಿಗೆ ಸಮಾನ ಬೀಜೋಕ್ತಿ ಕಲಿಸಿದ ಅನುಭವ

ಬೀಜೋಕ್ತಿಗಳ, ಅಂದರೆ ಅಂಕಿ ಮತ್ತು ಅಕ್ಷರ ಸೇರಿಸಿ ಬರೆಯುವ ಲೆಕ್ಕದ ಬರವಣಿಗೆಗಳ, ಪಾಠದಲ್ಲಿ ಮಕ್ಕಳಿಗೆ ಮೊದಲು ಎದುರಾಗುವುದು ‘ಸುಲಭೀಕರಿಸಿ’ ಅನ್ನುವ ಆಜ್ಞೆ. 3(ಕ್ಷ + 2) ಕೊಟ್ಟರೆ ಕೆಳಗಿನ ಸಾಲಿನಲ್ಲಿ 3ಕ್ಷ + 6 ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದು, ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಏನು ಸಂಬಂಧ ಅಂತ ತಡೆದು ಕೇಳಿ ನೋಡಿ. ‘ಮೇಲಿನದು ಲೆಕ್ಕ ಮಿಸ್, ಕೆಳಗಿನದು ಉತ್ತರ’ ಅನ್ನುತ್ತಾರೆ. ಕ್ಷ ಎಷ್ಟೇ ಇರಲಿ, ಎರಡರ ಬೆಲೆಯೂ ಒಂದೇ ಅನ್ನುವ ಮಾತು ಪುಸ್ತಕದಲ್ಲಿದೆ. ಕೇಳಿದರೆ ಹಲವರು ಅದನ್ನು ಒಪ್ಪಿಸಿಯೂ ಬಿಡುತ್ತಾರೆ. ಆದರೆ ಲೆಕ್ಕ ಮಾಡುವಾಗ ಅದು ಅವರ ನೆರವಿಗೆ ಬರುವುದಿಲ್ಲ.

ಹಾಗಾಗಿ ಈ ಪಾಠವನ್ನು ಹಿಂದುಮುಂದು ಮಾಡಿ ತೆಗೆದುಕೊಂಡೆ. ಸಾಮಾನ್ಯವಾಗಿ ನಿಯಮ ಮೊದಲು, ಉದಾಹರಣೆ ಆಮೇಲೆ, ಅಭ್ಯಾಸದ ತುದಿಯಲ್ಲಿ ನಾಲ್ಕಾರು ವಾಕ್ಯರೂಪದ ಲೆಕ್ಕ. ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ, ಅವು ಮನೆಗೆಲಸಕ್ಕೆ ಹೋಗುತ್ತವೆ. ನಾನು ಆ ತುದಿಯಿಂದಲೇ ಶುರು ಮಾಡಿದೆ. ಎರಡು ಬೀಜೋಕ್ತಿ ಯಾಕೆ ಸಮ ಅನ್ನುವ ಕಾರಣ ಸಿಗುವುದು ಸನ್ನಿವೇಶದಲ್ಲಿ. ಅದನ್ನು ಕೊನೆಗೆ ಇಟ್ಟರೆ ಕಾರಣವೂ ಕೊನೆಗೇ ಉಳಿಯುತ್ತದೆ.

ಲೆಕ್ಕ ಆರಿಸುವುದೇ ದೊಡ್ಡ ಕೆಲಸ. ‘ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು’ ಅನ್ನುವ ಜಾತಿಯ ಲೆಕ್ಕ ಇದಕ್ಕೆ ಉಪಯೋಗವಿಲ್ಲ. ಅದಕ್ಕೆ 3ಮ ಅಂತ ಒಂದೇ ಬರವಣಿಗೆ ಇದೆ, ಎಲ್ಲರೂ ಅದನ್ನೇ ಬರೆಯುತ್ತಾರೆ, ಚರ್ಚೆಗೆ ಜಾಗವೇ ಇಲ್ಲ. ನನಗೆ ಬೇಕಾಗಿದ್ದದ್ದು ಒಂದೇ ವಸ್ತುವನ್ನು ನಾಲ್ಕು ಮಕ್ಕಳು ನಾಲ್ಕು ರೀತಿಯಲ್ಲಿ ಒಡೆದು ಎಣಿಸುವಂಥ ಲೆಕ್ಕ.

ಮೊದಲು ಕೊಟ್ಟದ್ದು ಇದು. ಚೌಕಾಕಾರದ ಒಂದು ಹೂಪಾತಿ. ಒಂದು ಬದಿಯ ಉದ್ದಕ್ಕೆ 10 ಚೌಕ ಕಲ್ಲು ಸರಿಯಾಗಿ ಕೂರುತ್ತವೆ. ಪಾತಿಯ ಹೊರಗೆ ಸುತ್ತಲೂ, ಮೂಲೆಗಳೂ ಸೇರಿ, ಒಂದು ಸಾಲು ಕಲ್ಲು ಹಾಸಬೇಕು. ಎಷ್ಟು ಬೇಕು? ಚಿತ್ರವನ್ನು ಬೋರ್ಡಿನ ಮೇಲೆ ಬರೆದೆ, ಆದರೆ ಒಂದೊಂದೇ ಎಣಿಸಲು ಆಗದ ಹಾಗೆ ನಡುವೆ ಚುಕ್ಕೆ ಹಾಕಿ ಬಿಟ್ಟೆ. ಒಂದು ಷರತ್ತು ಹಾಕಿದೆ: ಉತ್ತರ ಬೇಡ. ಹೇಗೆ ಎಣಿಸಿದಿರೋ ಅದನ್ನು ಅಂಕಿಗಳಲ್ಲಿ ಬರೆಯಿರಿ, ಕೂಡಿಸಬೇಡಿ, ಗುಣಿಸಬೇಡಿ.

ಈ ಷರತ್ತು ಮಕ್ಕಳಿಗೆ ಹಿಂಸೆ. ಆರು ವರ್ಷ ಉತ್ತರ ಹೇಳಿ ಹೇಳಿ ಅಭ್ಯಾಸವಾದವರು. ಯಾರೋ 40 ಅಂದರು, ಮೂಲೆ ಮರೆತಿದ್ದರು. ಇನ್ನೊಬ್ಬಳು 48 ಅಂದಳು, ಮೂಲೆಗಳನ್ನು ಎರಡೆರಡು ಸಲ ಎಣಿಸಿದ್ದಳು. ಕೊನೆಗೆ 44 ಅಂತ ಕೂಗು ಎದ್ದಿತು. ‘44 ಅಂತ ಆಯ್ತು ಬಿಡಿ, ಕಣ್ಣಲ್ಲಿ ಹೇಗೆ ನೋಡಿದ್ರಿ ಹೇಳಿ’ ಅಂದೆ. ಆಗ ಒಬ್ಬೊಬ್ಬರೇ ಬೋರ್ಡಿನ ಹತ್ತಿರ ಬಂದರು.

ಒಬ್ಬಳು ನಾಲ್ಕು ಬದಿಗೂ ಹತ್ತು ಹತ್ತು ಇಟ್ಟು, ಆಮೇಲೆ ನಾಲ್ಕು ಮೂಲೆ ತುಂಬಿದಳು: 4 × 10 + 4. ಇನ್ನೊಬ್ಬ ಪ್ರತಿ ಬದಿಗೂ ಒಂದು ಮೂಲೆಯನ್ನು ಜೊತೆಗೆ ಕೊಟ್ಟ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತು ಬಂದರೆ ಯಾವ ಮೂಲೆಯೂ ಎರಡು ಸಲ ಬರುವುದಿಲ್ಲ: 4 × 11. ಮೇಲೆ ಕೆಳಗೆ ಉದ್ದದ ಸಾಲು, ಅಕ್ಕಪಕ್ಕ ಗಿಡ್ಡ ಸಾಲು ಮಾಡಿದವರು 12 + 12 + 10 + 10 ಬರೆದರು. ಮೊದಲು 48 ಅಂದಿದ್ದ ಹುಡುಗಿ ಸುಮ್ಮನಿರಲಿಲ್ಲ. ‘ನಂದೂ ಸರಿನೇ ಮಿಸ್, ನಾಲ್ಕು ಮೂಲೆ ಎರಡು ಸಲ ಬಂತಲ್ಲ, ತೆಗೆದ್ರಾಯ್ತು’ ಅಂತ 4 × 12 − 4 ಬರೆದು ಹೋದಳು. ಕೊನೆಯ ಬೆಂಚಿನಿಂದ ಬಂದವನು ಹೆಚ್ಚು ಮಾತಾಡಲಿಲ್ಲ. 12 × 12 − 10 × 10 ಅಂತ ಬರೆದ. ಹೇಗೋ ಅಂದರೆ, ‘ಪಾತಿನೇ ಇಲ್ಲ ಅಂದ್ಕೊಂಡೆ. ಎಲ್ಲಾ ಕಡೆ ಕಲ್ಲು ಹಾಕ್ಬಿಟ್ಟೆ. ಆಮೇಲೆ ಒಳಗಿಂದು ಕಿತ್ತೆ.’

ಬೋರ್ಡಿನ ಮೇಲೆ ಐದು ಸಾಲು ನಿಂತವು. ಅವುಗಳ ನಡುವೆ ಸಮ ಚಿಹ್ನೆ ಹಾಕಬಹುದೇ ಅಂತ ಕೇಳಿದೆ. ಇಲ್ಲಿ ಮಕ್ಕಳು ಹಿಂಜರಿದರು, ಅದಕ್ಕೆ ಕಾರಣವಿದೆ. ಚಿಕ್ಕ ತರಗತಿಗಳಿಂದ ಸಮ ಚಿಹ್ನೆ ಅಂದರೆ ‘ಈಗ ಉತ್ತರ ಬರುತ್ತೆ’ ಅನ್ನುವ ಸೂಚನೆ, ಕ್ಯಾಲ್ಕುಲೇಟರಿನ ಗುಂಡಿಯ ಹಾಗೆ. 8 + 4 = ☐ + 5 ಅಂತ ಕೊಟ್ಟು ಖಾಲಿ ಜಾಗ ತುಂಬಲು ಹೇಳಿ: ದೊಡ್ಡ ತರಗತಿಯವರೂ ಕೆಲವರು 12 ಬರೆಯುತ್ತಾರೆ. 4 × 10 = 40 + 4 = 44 ಅಂತ ಒಂದೇ ಉಸಿರಿನಲ್ಲಿ ಬರೆಯುವವರು ಪ್ರತಿ ತರಗತಿಯಲ್ಲೂ ಇದ್ದಾರೆ; 4 × 10 ಮತ್ತು 44 ಹೇಗೆ ಸಮವಾಯಿತು ಅಂತ ಅವರಿಗೆ ಹೊಳೆಯುವುದೇ ಇಲ್ಲ. 1557ರಲ್ಲಿ ವೇಲ್ಸ್ ಮೂಲದ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಚಿಹ್ನೆ ಬಳಕೆಗೆ ತಂದಾಗ ಒಂದೇ ಉದ್ದದ ಎರಡು ಸಮಾಂತರ ರೇಖೆಗಳನ್ನು ಆರಿಸಿದ. ಅದಕ್ಕಿಂತ ಸಮವಾದ ಎರಡು ವಸ್ತು ಇರಲಾರವು ಅನ್ನುವುದೇ ಅವನು ಕೊಟ್ಟ ಕಾರಣ. ಇದನ್ನು ಹೇಳಿದ ಮೇಲೆ ಮಕ್ಕಳು ಚಿಹ್ನೆಯ ಎಡಬಲ ಎರಡನ್ನೂ ನೋಡಲು ಶುರು ಮಾಡಿದರು. 4 × 11 = 12 × 12 − 10 × 10 ಅಂತ ಬರೆದೆ. ಬಲಗಡೆ ‘ಉತ್ತರ’ವೇ ಇಲ್ಲದ ಸಮತೆ ಅವರಿಗೆ ವಿಚಿತ್ರವಾಗಿ ಕಂಡಿತು, ಆದರೆ ತಪ್ಪು ಅನ್ನಲು ಯಾರಿಗೂ ಆಗಲಿಲ್ಲ. ಎರಡೂ ಅದೇ ಕಲ್ಲುಗಳನ್ನು ಎಣಿಸಿದ್ದವು.

ಮಾರನೆಯ ದಿನ ಬದಿಯನ್ನು 25 ಮಾಡಿದೆ. ಐದು ಸಾಲಿನಲ್ಲೂ ಯಾವ ಅಂಕಿ ಬದಲಾಗುತ್ತದೆ, ಯಾವುದು ಹಾಗೇ ಉಳಿಯುತ್ತದೆ? ನನ್ನ ಮಟ್ಟಿಗೆ ಇಡೀ ಪಾಠದ ಜೀವ ಈ ಪ್ರಶ್ನೆಯಲ್ಲಿದೆ. 10 ಹೋಗಿ 25 ಬರುತ್ತದೆ, ಅದು ಸರಿ. 11 ಹೋಗಿ 26, 12 ಹೋಗಿ 27. ಅಂದರೆ ಆ 12 ತಾನಾಗಿ ನಿಂತ ಅಂಕಿಯಲ್ಲ, 10ಕ್ಕಿಂತ ಎರಡು ಹೆಚ್ಚು. 4 ಮಾತ್ರ ಎಲ್ಲೂ ಅಲ್ಲಾಡುವುದಿಲ್ಲ. 4 × 12 − 4 ರಲ್ಲಿ ಎರಡು ನಾಲ್ಕುಗಳಿವೆ, ಅವೆರಡೂ ಒಂದೇನಾ ಅಂತ ಕೇಳಿದೆ. ಸ್ವಲ್ಪ ಗದ್ದಲದ ಮೇಲೆ ಅವರೇ ಬಿಡಿಸಿಕೊಂಡರು: ಮೊದಲನೆಯದು ಬದಿಗಳು, ಎರಡನೆಯದು ಮೂಲೆಗಳು. ಬದಿಗೆ ನ ಅಂತ ಹೆಸರಿಟ್ಟಾಗ ಯಾರೂ ಬೆಚ್ಚಲಿಲ್ಲ. 4ನ + 4, 4(ನ + 1), 2(ನ + 2) + 2ನ, 4(ನ + 2) − 4, (ನ + 2)² − ನ² ತಾವಾಗಿಯೇ ಬಂದವು. ಆವರಣ ಯಾಕೆ ಬೇಕು ಅಂತ ವಿವರಿಸುವ ಅಗತ್ಯವೂ ಬೀಳಲಿಲ್ಲ. ಒಬ್ಬ 4 × ನ + 2 − 4 ಅಂತ ಬರೆದಾಗ ಪಕ್ಕದವಳೇ ‘ಎರಡು ಒಂದೇ ಬದಿಗೆ ಹೋಯ್ತಲ್ಲೋ’ ಅಂದಳು.

ಸುಲಭೀಕರಿಸುವ ಕೆಲಸವನ್ನು ಆಮೇಲೆ ತಂದೆ. ಈಗ ಅದಕ್ಕೊಂದು ಉದ್ದೇಶವಿತ್ತು: ಇಬ್ಬರು ಬೇರೆ ಬೇರೆ ಎಣಿಸಿದ್ದು ನಿಜವಾಗಿ ಒಂದೇನಾ ಅಂತ ಚಿತ್ರ ನೋಡದೆ ಪರೀಕ್ಷಿಸುವುದು. ವಿಭಾಜಕ ನಿಯಮ ಹಾಕಿ (ಹೊರಗಿನ ಅಂಕಿಯಿಂದ ಆವರಣದೊಳಗಿನ ಪ್ರತಿ ಪದವನ್ನೂ ಗುಣಿಸಿ), ಸಜಾತಿ ಪದಗಳನ್ನು, ಅಂದರೆ ಒಂದೇ ಬಗೆಯ ಪದಗಳನ್ನು, ಕೂಡಿಸಿದರೆ ಮೊದಲ ನಾಲ್ಕೂ 4ನ + 4ಕ್ಕೆ ಬಂದು ನಿಲ್ಲುತ್ತವೆ. ಐದನೆಯದಕ್ಕೆ ವರ್ಗದ ಸೂತ್ರ ಬೇಕು, ಅದು ಮುಂದಿನ ತರಗತಿಯದು. ಆದರೆ ಕಲ್ಲುಗಳ ಚಿತ್ರ ಕಣ್ಣೆದುರಿಗೆ ಇರುವಾಗ ಅದೂ 4ನ + 4 ಅಂತ ಒಪ್ಪಲು ಮಕ್ಕಳು ಸೂತ್ರಕ್ಕಾಗಿ ಕಾಯಲಿಲ್ಲ.

ಅಕ್ಷರಗಳ ಬಗ್ಗೆ ಒಂದು ಮಾತು. ವಸ್ತುವಿನ ಮೊದಲಕ್ಷರವನ್ನೇ ಚರಾಕ್ಷರ ಮಾಡುವುದು ನೆನಪಿಗೆ ಸುಲಭ ಅಂತ ತೋರುತ್ತದೆ, ನಾನು ಅದನ್ನು ಬೇಕೆಂದೇ ಬಿಟ್ಟೆ. ಪೆನ್ನಿಗೆ ಪ ಅಂತಿಟ್ಟರೆ 3ಪ ಅಂದರೆ ‘ಮೂರು ಪೆನ್’ ಅಂತ ಓದುತ್ತಾರೆ. ಪ ಅನ್ನುವುದು ಪೆನ್ನುಗಳ ಸಂಖ್ಯೆ ಅನ್ನುವುದು ಮಾಯವಾಗುತ್ತದೆ. ‘ವಿದ್ಯಾರ್ಥಿಗಳು ಶಿಕ್ಷಕರ ಆರರಷ್ಟಿದ್ದಾರೆ’ ಅನ್ನುವುದನ್ನು ವ = 6ಶ ಅನ್ನುವ ಬದಲು 6ವ = ಶ ಅಂತ ತಿರುಗಾಮುರುಗಾ ಬರೆಯುವುದು ಇದೇ ಕಾರಣಕ್ಕೆ. 1980ರ ಸುಮಾರಿಗೆ ಅಮೆರಿಕದಲ್ಲಿ ಇದೇ ಲೆಕ್ಕವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರಲ್ಲೂ ಬಹಳ ಮಂದಿ ಹೀಗೇ ಬರೆದಿದ್ದರು. ಭಾಸ್ಕರಾಚಾರ್ಯ 12ನೇ ಶತಮಾನದಲ್ಲಿ ಅವ್ಯಕ್ತ ಸಂಖ್ಯೆಗಳನ್ನು ಬಣ್ಣಗಳ ಹೆಸರಿನಿಂದ ಕರೆದ, ಕಾಲಕಕ್ಕೆ ಕಾ, ನೀಲಕಕ್ಕೆ ನೀ ಅಂತ. ಕಪ್ಪು, ನೀಲಿಗೂ ಲೆಕ್ಕದ ವಸ್ತುವಿಗೂ ಸಂಬಂಧವೇ ಇಲ್ಲ. ಬಹಳ ಒಳ್ಳೆಯ ಆಯ್ಕೆ ಅಂತ ನನಗೆ ಈಗ ಅನಿಸುತ್ತದೆ.

ಮುಂದಿನ ಲೆಕ್ಕ ಸರಳವಾದದ್ದು, ಆದರೆ ಹೆಚ್ಚು ಹೊತ್ತು ತೆಗೆದುಕೊಂಡದ್ದು ಅದೇ. ಮೂರು ಚೀಲ. ಪ್ರತಿ ಚೀಲದಲ್ಲಿ ಕ್ಷ ಪುಸ್ತಕ ಮತ್ತು 2 ಪೆನ್. ಒಟ್ಟು ಎಷ್ಟು ವಸ್ತು? 3(ಕ್ಷ + 2) ಅಂತ ಕೆಲವರು, 3ಕ್ಷ + 6 ಅಂತ ಕೆಲವರು. 3ಕ್ಷ + 2 ಬರೆದವರೂ ಇದ್ದರು. ಈ ತಪ್ಪನ್ನು ನಿಯಮ ಹೇಳಿ ತಿದ್ದುವುದು ನೀರಸ. ‘ಎರಡು ಚೀಲಕ್ಕೆ ಪೆನ್ ಯಾಕೆ ಹಾಕಿಲ್ಲ?’ ಅಂತ ಕೇಳಿದರೆ ಸಾಕು, ತಾವೇ ತಿದ್ದಿಕೊಳ್ಳುತ್ತಾರೆ. ತಿದ್ದಿಕೊಂಡದ್ದು ಉಳಿಯುತ್ತದೆ ಕೂಡ.

ನಿಜವಾದ ಜಗಳ ಶುರುವಾದದ್ದು 9ಕ್ಷದಿಂದ. 3ಕ್ಷ + 6 ಅಂತ ನಿಲ್ಲಿಸಿದರೆ ಮಕ್ಕಳಿಗೆ ಸಮಾಧಾನವಿಲ್ಲ, ನಡುವೆ ಅಧಿಕ ಚಿಹ್ನೆ ಇನ್ನೂ ಇದೆಯಲ್ಲ, ಲೆಕ್ಕ ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ. 3 ಮತ್ತು 6 ಕೂಡಿಸಿ 9ಕ್ಷ ಮಾಡಿ ಮುಗಿಸುತ್ತಾರೆ. ಒಬ್ಬ ಹುಡುಗ ಹಾಗೆ ಮಾಡಿದ. ಸರಿನಾ ಅಂತ ನಾನು ಕೇಳುವ ಮೊದಲೇ ತಾನೇ ಪರೀಕ್ಷಿಸಿ ತೋರಿಸಿದ. ‘ಕ್ಷ 1 ಅಂತ ಹಾಕಿ ಮಿಸ್. 3 + 6, ಒಂಬತ್ತು. 9 × 1, ಒಂಬತ್ತು. ಸಮ.’

ಅವನು ಮಾಡಿದ ಪರೀಕ್ಷೆ ನಾನೇ ಹಿಂದಿನ ವಾರ ಹೇಳಿಕೊಟ್ಟದ್ದು: ಅನುಮಾನ ಬಂದರೆ ಬೆಲೆ ಹಾಕಿ ನೋಡಿ. ತರಗತಿ ನನ್ನ ಮುಖ ನೋಡಿತು. ನಾನು ಸುಮ್ಮನಿದ್ದೆ. ‘2 ಹಾಕೋ’ ಅಂತ ಯಾರೋ ಅಂದರು. 3ಕ್ಷ + 6 ರಿಂದ 12 ಬಂತು, 9ಕ್ಷದಿಂದ 18. ಹುಡುಗ ಬಿಡಲಿಲ್ಲ: ‘1ಕ್ಕೆ ಸರಿ ಬಂತಲ್ಲ, ಮತ್ತೆ?’

ಈ ‘ಮತ್ತೆ?’ ಬಹಳ ಬೆಲೆಯುಳ್ಳ ಪ್ರಶ್ನೆ. 3ಕ್ಷ + 6 ಮತ್ತು 9ಕ್ಷ 1ಕ್ಕೆ ಸಮವಾದದ್ದು ಆಕಸ್ಮಿಕವಲ್ಲ. ಸಹಗುಣಕವನ್ನೂ (ಕ್ಷದ ಜೊತೆಗಿರುವ ಅಂಕಿ) ಸ್ಥಿರಾಂಕವನ್ನೂ (ಅಕ್ಷರವಿಲ್ಲದ ಅಂಕಿ) ಕೂಡಿಸಿಬಿಡುವ ತಪ್ಪು ಯಾವಾಗಲೂ 1ಕ್ಕೆ ಸರಿ ಬರುತ್ತದೆ: 5ಕ್ಷ + 4 ಮತ್ತು 9ಕ್ಷ ನೋಡಿ, 20ಕ್ಷ + 7 ಮತ್ತು 27ಕ್ಷ ನೋಡಿ. 1ರಿಂದ ಗುಣಿಸಿದರೆ ಏನೂ ಆಗದು, ಹಾಗಾಗಿ ಕ್ಷ ಇರುವ ಪದಕ್ಕೂ ಇಲ್ಲದ ಪದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಅಂದರೆ ಮಕ್ಕಳು ಅತಿ ಹೆಚ್ಚು ಮಾಡುವ ತಪ್ಪನ್ನು ಹಿಡಿಯಲು ಅವರು ಅತಿ ಹೆಚ್ಚು ಆರಿಸುವ ಬೆಲೆಗೆ ಶಕ್ತಿಯೇ ಇಲ್ಲ. ಸೊನ್ನೆಗೆ ಬೇರೆ ಕುರುಡು: 3ಕ್ಷ + 6 ಮತ್ತು 7ಕ್ಷ + 6 ಸೊನ್ನೆಗೆ ಒಂದೇ. 2 ಇನ್ನೂ ಮೋಸ. 2ಕ್ಷ, ಕ್ಷ + 2, ಕ್ಷ² ಮೂರೂ 4 ಕೊಡುತ್ತವೆ. ಇವನ್ನೆಲ್ಲ ನಾನು ಹೇಳಲಿಲ್ಲ, ಹುಡುಕಲು ಬಿಟ್ಟೆ. ‘ಮೋಸ ಮಾಡುವ ಅಂಕಿ’ಗಳ ಪಟ್ಟಿಯೊಂದು ಗೋಡೆಗೆ ಅಂಟಿತು. ಪರೀಕ್ಷೆಗೆ 7 ಅಥವಾ 10 ಒಳ್ಳೆಯದು ಅಂತ ತರಗತಿ ತೀರ್ಮಾನಿಸಿತು. 10ರಲ್ಲಿ ಒಂದು ಅನುಕೂಲವಿದೆ: 3ಕ್ಷ + 6 ನೇರವಾಗಿ 36 ಆಗಿ ಕಾಣುತ್ತದೆ.

‘ಹಾಗಾದ್ರೆ ಎಷ್ಟು ಸಲ ಹಾಕಿ ನೋಡ್ಬೇಕು?’ ಅಂತ ಮುಂದಿನ ಪ್ರಶ್ನೆ ಬಂತು. ಅಲ್ಲ ಅಂತ ತೋರಿಸಲು ಒಂದೇ ಸಾಕು, ಒಂದು ಬೆಲೆಗೆ ತಪ್ಪಿದರೆ ಅವು ಸಮಾನ ಬೀಜೋಕ್ತಿಗಳಲ್ಲ. ಹೌದು ಅಂತ ಹೇಳುವುದು ಕಷ್ಟ. ನೂರು ಬೆಲೆಗೆ ಸರಿ ಬಂದರೂ ನೂರೊಂದನೆಯದು ಏನಾಗುತ್ತದೋ ಅನ್ನುವ ಭಯ ನ್ಯಾಯವಾದದ್ದು. ಆದರೆ ವರ್ಗ, ಘನ ಇಲ್ಲದ ಏಕಚರ ಬೀಜೋಕ್ತಿಗಳಿಗೆ ಒಂದು ಸೌಕರ್ಯವಿದೆ: ಎರಡು ಬೇರೆ ಬೇರೆ ಬೆಲೆಗಳಿಗೆ ಸರಿ ಬಂದರೆ ಎಲ್ಲದಕ್ಕೂ ಸರಿ ಬರುತ್ತದೆ. ಕ್ಷ ಒಂದು ಹೆಚ್ಚಾದಾಗಲೆಲ್ಲ 3ಕ್ಷ + 6 ಮೂರು ಹೆಚ್ಚುತ್ತದೆ, ಯಾವಾಗಲೂ ಮೂರೇ. ಹೀಗೆ ಒಂದೇ ಹೆಜ್ಜೆಯಲ್ಲಿ ನಡೆಯುವ ಇಬ್ಬರು ಎರಡು ಕಡೆ ಜೊತೆಯಲ್ಲಿ ಕಂಡರೆ ಇಬ್ಬರ ಹೆಜ್ಜೆಯೂ ಒಂದೇ ಇರಬೇಕು, ಮುಂದೆಂದೂ ಬೇರೆಯಾಗುವುದಿಲ್ಲ. ವರ್ಗ ಬಂದರೆ ಎರಡು ಸಾಲದು: 2ಕ್ಷ ಮತ್ತು ಕ್ಷ² ಸೊನ್ನೆಗೂ ಸಮ, ಎರಡಕ್ಕೂ ಸಮ, ಮೂರಕ್ಕೆ 6 ಮತ್ತು 9 ಆಗಿ ಬೇರೆಯಾಗುತ್ತವೆ. ಏಳನೇ ತರಗತಿಗೆ ಇದು ಹೆಚ್ಚಾಯಿತು ಅನ್ನುವವರು ಇರಬಹುದು. ಕೇಳಿದವರಿಗೆ ಹೇಳದೆ ಇರಲು ನನಗೆ ಮನಸ್ಸಾಗಲಿಲ್ಲ, ಕೇಳದವರನ್ನು ಪರೀಕ್ಷೆಯಲ್ಲಿ ಕೇಳಲೂ ಇಲ್ಲ.

ಬೆಲೆ ಹಾಕಿ ನೋಡುವುದು ಅನುಮಾನ ಪರಿಹಾರಕ್ಕೆ, ಕಾರಣ ತಿಳಿಯುವುದಕ್ಕಲ್ಲ ಅನ್ನುವುದು ಮೇಜುಗಳ ಲೆಕ್ಕದಲ್ಲಿ ಚೆನ್ನಾಗಿ ಬಂತು. ಒಂದು ಚೌಕ ಮೇಜಿನ ಸುತ್ತ ಬದಿಗೊಬ್ಬರಂತೆ ನಾಲ್ವರು ಕೂರಬಹುದು. ಮೇಜುಗಳನ್ನು ಒಂದಕ್ಕೊಂದು ಅಂಟಿಸಿ ಉದ್ದ ಸಾಲು ಮಾಡಿದರೆ ನ ಮೇಜಿಗೆ ಎಷ್ಟು ಜನ? ಪ್ರತಿ ಮೇಜಿಗೆ ಆಚೀಚೆ ಇಬ್ಬರು, ಎರಡು ತುದಿಗೆ ಒಬ್ಬೊಬ್ಬರು: 2ನ + 2. ಎಲ್ಲ ಮೇಜಿಗೂ ನಾಲ್ಕು ಕುರ್ಚಿ ಇಟ್ಟುಕೊಂಡು, ಅಂಟಿಸಿದ ಕಡೆಯಲ್ಲೆಲ್ಲ ಎರಡೆರಡು ತೆಗೆದರೆ 4ನ − 2(ನ − 1). ತುದಿಯ ಎರಡು ಮೇಜಿಗೆ ಮೂರು ಮೂರು, ನಡುವಿನವಕ್ಕೆ ಎರಡೆರಡು: 2(ನ − 2) + 6. ಮೂರೂ ಸುಲಭೀಕರಿಸಿದರೆ ಒಂದೇ.

ಮೂರನೆಯದನ್ನು ಬರೆದ ಹುಡುಗಿಗೇ ಅನುಮಾನ ಬಂತು. ‘ಮಿಸ್, ಒಂದೇ ಮೇಜಿದ್ರೆ? ಎರಡು ತುದಿ ಮೇಜು ಎಲ್ಲಿಂದ ಬರ್ತವೆ?’ ನ = 1 ಹಾಕಿ ನೋಡಿದಳು: 2 × (−1) + 6, ಅಂದರೆ 4. ಉತ್ತರ ಸರಿಯೇ ಬಂತು, ಆದರೆ ಕಥೆ ಅರ್ಥ ಕಳೆದುಕೊಂಡಿತ್ತು, ನಡುವೆ ‘ಮೈನಸ್ ಒಂದು ಮೇಜು’ ಇತ್ತು! ತರಗತಿಯಲ್ಲಿ ಇದಕ್ಕೆ ನಗು, ಆಮೇಲೆ ವಾದ. ಕಥೆ ಎರಡು ಮೇಜಿನಿಂದ ಮೇಲಕ್ಕೆ ಮಾತ್ರ ನಡೆಯುತ್ತದೆ, ಬೀಜೋಕ್ತಿ ಅದಕ್ಕಿಂತ ದೂರ ಹೋಗುತ್ತದೆ ಅಂತ ಅವರ ಮಾತಿನಲ್ಲೇ ಬಂತು. ವಾಕ್ಯರೂಪದ ಲೆಕ್ಕದಿಂದ ಶುರು ಮಾಡುವವರು ಇಂಥ ಸಂದರ್ಭವನ್ನು ತಪ್ಪಿಸಿಕೊಳ್ಳಬಾರದು. ಸನ್ನಿವೇಶ ಕೈಬಿಟ್ಟ ಕಡೆಯಲ್ಲೂ ನಿಯಮ ನಿಲ್ಲುತ್ತದೆ ಅಂತ ಕಂಡ ಮೇಲೆ ನಿಯಮದ ಮೇಲೆ ಮಕ್ಕಳಿಗೆ ಬೇರೆ ಥರದ ಗೌರವ ಬರುತ್ತದೆ.

ಆವರಣದ ಹಿಂದೆ ಋಣ ಚಿಹ್ನೆ ಬಂದಾಗಿನ ಕಷ್ಟ ಎಲ್ಲ ಗಣಿತ ಶಿಕ್ಷಕರಿಗೂ ಗೊತ್ತು. ‘ಆವರಣ ಬಿಡಿಸುವಾಗ ಚಿಹ್ನೆ ಬದಲಾಯಿಸಿ’ ಅನ್ನುತ್ತೇವೆ, ಮಕ್ಕಳು ಬದಲಾಯಿಸುತ್ತಾರೆ, ಆಮೇಲೆ ಬದಲಾಯಿಸಬಾರದ ಕಡೆಯಲ್ಲೂ ಬದಲಾಯಿಸುತ್ತಾರೆ. ನಾನು ಬಸ್ಸನ್ನು ತಂದೆ. ಬಸ್ಸಿನಲ್ಲಿ 40 ಜನ. ಒಂದು ನಿಲ್ದಾಣದಲ್ಲಿ ಕ್ಷ ದೊಡ್ಡವರು, 3 ಮಕ್ಕಳು ಇಳಿದರು. ಉಳಿದವರು? 40 − (ಕ್ಷ + 3) ಅಂತ ಎಲ್ಲರೂ ಬರೆದರು. ಆವರಣ ಬಿಡಿಸಿ ಅಂದಾಗ ಅರ್ಧ ತರಗತಿ 40 − ಕ್ಷ + 3 ಅಂತ ಮಾಡಿತು. ‘ಆ ಮೂರು ಮಕ್ಕಳು ಇಳಿದವರು ಮತ್ತೆ ಹತ್ತಿದರಾ?’ ಅಂದೆ. ತಿದ್ದಿಕೊಂಡರು: 40 − ಕ್ಷ − 3, ಅಂದರೆ 37 − ಕ್ಷ.

ಇದಕ್ಕೆ ಜೋಡಿ ಲೆಕ್ಕ ಬೇಕೇ ಬೇಕು, ಇಲ್ಲದಿದ್ದರೆ ‘ಒಳಗಿದ್ದದ್ದೆಲ್ಲ ಮೈನಸ್’ ಅಂತ ಹೊಸ ತಪ್ಪು ಹುಟ್ಟುತ್ತದೆ. ಅದೇ ಬಸ್ಸು, ಅದೇ 40 ಜನ. ನಿಲ್ದಾಣ ಬಂತು ಅಂತ ಕ್ಷ ಜನ ಎದ್ದು ಬಾಗಿಲ ಹತ್ತಿರ ಹೋದರು. ಅವರಲ್ಲಿ ಮೂವರು ‘ಅಯ್ಯೋ ಇದು ನಮ್ಮ ನಿಲ್ದಾಣವಲ್ಲ’ ಅಂತ ಬಂದು ಮತ್ತೆ ಕೂತರು. ಇಳಿದವರು ಕ್ಷ − 3, ಬಸ್ಸಿನಲ್ಲಿ ಉಳಿದವರು 40 − (ಕ್ಷ − 3). ಎದ್ದವರನ್ನೆಲ್ಲ ಮೊದಲು ಕಳೆದುಬಿಟ್ಟರೆ, ವಾಪಸ್ ಕೂತ ಮೂವರನ್ನು ಸೇರಿಸಿಕೊಳ್ಳಬೇಕು: 40 − ಕ್ಷ + 3. ಕಳೆಯುವುದರೊಳಗಿನ ಕಳೆಯುವುದು ಕೂಡುವುದಾಗುವುದನ್ನು ಹೀಗೆ ಕಂಡವರು, ಯಾಕೆ ಅಂತ ನನ್ನನ್ನು ಮತ್ತೆ ಕೇಳಲಿಲ್ಲ. ಎರಡೂ ಲೆಕ್ಕವನ್ನು ತರಗತಿಯಲ್ಲಿ ಆಡಿಸಿದೆವು, ಬೆಂಚುಗಳೇ ಬಸ್ಸು. ಬಾಗಿಲ ಹತ್ತಿರ ಹೋಗಿ ವಾಪಸ್ ಬರುವ ಮೂವರಾಗಲು ಎಲ್ಲರಿಗೂ ಆಸೆ.

ವಾಕ್ಯವನ್ನು ಬೀಜೋಕ್ತಿಗೆ ಇಳಿಸುವಾಗಿನ ತೊಡಕು ಬೇರೆಯೇ. ‘ಹೆಚ್ಚು’ ಕಂಡರೆ ಕೂಡು, ‘ಕಡಿಮೆ’ ಕಂಡರೆ ಕಳೆ ಅನ್ನುವ ಗುರುತಿನ ಪದಗಳ ಉಪಾಯವನ್ನು ಹಲವು ಕಡೆ ಹೇಳಿಕೊಡುತ್ತಾರೆ. ನನಗೆ ಅದು ಇಷ್ಟವಿಲ್ಲ. ‘ನನ್ನ ಹತ್ತಿರ ನಿನಗಿಂತ 5 ಪೆನ್ಸಿಲ್ ಹೆಚ್ಚಿವೆ. ನನ್ನ ಹತ್ತಿರ ಇರುವುದು ಕ್ಷ. ನಿನ್ನ ಹತ್ತಿರ ಎಷ್ಟು?’ ಅಂದರೆ ಉಪಾಯ ನೆಚ್ಚಿದವರು ಕ್ಷ + 5 ಅನ್ನುತ್ತಾರೆ. ಓದಿ, ಸಣ್ಣ ಅಂಕಿ ಹಾಕಿಕೊಂಡು ಮಾಡಿ, ಆಮೇಲೆ ಅಕ್ಷರ ಹಾಕಿ ಅನ್ನುವುದಕ್ಕಿಂತ ಚುಟುಕು ದಾರಿ ನನಗೆ ಸಿಕ್ಕಿಲ್ಲ.

ಶೇಕಡದ ಲೆಕ್ಕ ಬೇಗ ಮುಗಿಯಿತು. ಒಂದು ವಸ್ತುವಿನ ಬೆಲೆ ಕ್ಷ, ಮೇಲೆ 20% ರಿಯಾಯಿತಿ. ಕ್ಷ − 0.2ಕ್ಷ ಮತ್ತು 0.8ಕ್ಷ ಒಂದೇ, ಆದರೆ ಹೇಳುವ ವಿಷಯ ಬೇರೆ: ಮೊದಲನೆಯದು ಎಷ್ಟು ಬಿಟ್ಟರು ಅನ್ನುತ್ತದೆ, ಎರಡನೆಯದು ಎಷ್ಟು ಕೊಡಬೇಕು ಅನ್ನುತ್ತದೆ. ರಿಯಾಯಿತಿ ಮೊದಲು ಕಳೆದು ಮೇಲೆ 10% ತೆರಿಗೆ ಹಾಕಿದರೆ ಲಾಭವೋ, ತೆರಿಗೆ ಮೊದಲು ಹಾಕಿ ಆಮೇಲೆ ರಿಯಾಯಿತಿ ಕಳೆದರೆ ಲಾಭವೋ ಅಂತ ಕೇಳಿದಾಗ ತರಗತಿ ಎರಡು ಪಾಲಾಯಿತು. 1.1 × 0.8ಕ್ಷ, 0.8 × 1.1ಕ್ಷ, ಎರಡೂ 0.88ಕ್ಷ. ಬರೆದ ಕೂಡಲೇ ವಾದ ನಿಂತಿತು. ಕೆಲವರಿಗೆ ಸ್ವಲ್ಪ ಬೇಜಾರೂ ಆಯಿತು.

ಕೊನೆಗೆ ದಿಕ್ಕು ತಿರುಗಿಸಿದೆ. ನಾನು ಬೀಜೋಕ್ತಿ ಕೊಡುತ್ತೇನೆ, ಕಥೆ ನೀವು ಬರೆಯಿರಿ. ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ಇದರಷ್ಟು ಖಚಿತವಾದ ಪರೀಕ್ಷೆ ಇಲ್ಲ ಅಂತ ನನ್ನ ಅಭಿಪ್ರಾಯ. 5(ಕ್ಷ − 2) + 10 ಕೊಟ್ಟೆ. ಬಹಳ ಮಂದಿ ‘ಐದು ಪೆಟ್ಟಿಗೆ, ಪ್ರತಿಯೊಂದರಲ್ಲೂ ಎರಡು ಕಡಿಮೆ, ಆಮೇಲೆ ಯಾರೋ ಹತ್ತು ಕೊಟ್ಟರು’ ಅಂತ ಬರೆದರು. ಸರಿಯಾದದ್ದೇ. ಒಬ್ಬಳ ಕಥೆ ಬೇರೆ ಇತ್ತು: ಐದು ಪೆಟ್ಟಿಗೆಗಳಲ್ಲಿ ಕ್ಷ ಕ್ಷ ಪೆನ್ಸಿಲ್, ಪ್ರತಿ ಪೆಟ್ಟಿಗೆಯಿಂದ ಎರಡೆರಡು ತೆಗೆದು ಮೇಜಿನ ಮೇಲಿಟ್ಟೆ, ಈಗ ಪೆಟ್ಟಿಗೆಯಲ್ಲಿರುವುದು, ಮೇಜಿನ ಮೇಲಿರುವುದು ಸೇರಿ ಎಷ್ಟು? ಕೆಳಗೆ ಬರೆದಿದ್ದಳು: ‘5ಕ್ಷ. ಯಾಕೆಂದರೆ ಯಾರೂ ಪೆನ್ಸಿಲ್ ತೆಗೆದುಕೊಂಡು ಹೋಗಿಲ್ಲ, ಜಾಗ ಮಾತ್ರ ಬದಲಾಗಿದೆ.’ ಸುಲಭೀಕರಿಸಿದ ಹೆಜ್ಜೆ ಒಂದೂ ಇರಲಿಲ್ಲ. ಪೂರ್ತಿ ಅಂಕ ಕೊಟ್ಟೆ. ಹೆಜ್ಜೆ ತೋರಿಸದಿದ್ದರೆ ಅಂಕ ಕಳೆಯಬೇಕು ಅನ್ನುವ ಪದ್ಧತಿ ನನಗೂ ಗೊತ್ತು, ಆದರೆ ಆ ಎರಡನೆಯ ವಾಕ್ಯವೇ ಹೆಜ್ಜೆ.

ಎಲ್ಲವೂ ಸರಿಹೋಯಿತು ಅಂತಲ್ಲ. ಭಿನ್ನರಾಶಿ ಸಹಗುಣಕ ಬಂದರೆ ಈಗಲೂ ಹಲವರು ಮುಗ್ಗರಿಸುತ್ತಾರೆ. ಅರ್ಧ(6ಕ್ಷ + 4) ಅನ್ನುವುದನ್ನು 3ಕ್ಷ + 4 ಮಾಡಿಬಿಡುತ್ತಾರೆ. ಇದಕ್ಕೆ ಚೀಲದಷ್ಟು ಸಲೀಸಾದ ಸನ್ನಿವೇಶ ಇನ್ನೂ ಹುಡುಕುತ್ತಿದ್ದೇನೆ. ಇಬ್ಬರಿಗೆ ಸಮನಾಗಿ ಹಂಚುವ ಲೆಕ್ಕ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಸಮಯವೂ ಹೆಚ್ಚು ಹಿಡಿಯಿತು. ಪಕ್ಕದ ವಿಭಾಗದವರು ಅಭ್ಯಾಸ ಮುಗಿಸಿ ಮುಂದಿನ ಪಾಠ ಹಿಡಿದಾಗ ನಾವು ಮೇಜುಗಳ ಸುತ್ತ ಕುರ್ಚಿ ಎಣಿಸುತ್ತಿದ್ದೆವು.

ಆ ಮುಂದಿನ ಪಾಠ ಸರಳ ಸಮೀಕರಣ. ಮೊದಲ ದಿನ ಬೋರ್ಡಿನ ಮೇಲೆ 3ಕ್ಷ + 6 = 9ಕ್ಷ ಬರೆದೆ. ‘ತಪ್ಪು ಮಿಸ್, ಅವು ಸಮಾನ ಬೀಜೋಕ್ತಿ ಅಲ್ಲ’ ಅಂತ ಒಟ್ಟಿಗೆ ಕೂಗಿದರು. ಅಲ್ಲ, ಒಪ್ಪಿದೆ, ಆದರೆ ಯಾವಾಗಲೂ ಸುಳ್ಳಾ ಅಂತ ಕೇಳಿದೆ. ಒಂಬತ್ತು ಒಂಬತ್ತು ಸಮ ಅಂತ ತೋರಿಸಿದ್ದ ಆ ಹುಡುಗ ಎದ್ದ: ‘1 ಹಾಕಿದ್ರೆ ನಿಜ. 1ಕ್ಕೆ ಮಾತ್ರ.’ 3(ಕ್ಷ + 2) = 3ಕ್ಷ + 6 ಎಲ್ಲ ಬೆಲೆಗೂ ನಿಜ, ಇದು ಒಂದೇ ಬೆಲೆಗೆ ನಿಜ. ಆ ಒಂದನ್ನು ಹುಡುಕುವುದೇ ಸಮೀಕರಣ ಬಿಡಿಸುವುದು ಅಂತ ಹೇಳಿ, ಎರಡೂ ಕಡೆಯಿಂದ 3ಕ್ಷ ಕಳೆಯಲು ಹೇಳಿದೆ.